ನೂಲ್ಪುಳದ ಗದ್ದೆಗೆ ಸೀಟಿ ಹಿಡಿದು ಹೋದೆ

ನಂಜನಗೂಡಿನಲ್ಲಿ ಬಸ್ಸು ಹತ್ತಿದಾಗ ಶನಿವಾರ ಬೆಳಿಗ್ಗೆ ಏಳು ಗಂಟೆ. ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಕೇರಳದ ಕೆಂಪು ಬಸ್ಸು ಅದು. ಕಂಡಕ್ಟರಿಗೆ ಇನ್ನೂರರ ನೋಟು ಕೊಟ್ಟೆ. ಚಿಲ್ಲರೆ ಆಮೇಲೆ ಎಂದವನು ಗುಂಡ್ಲುಪೇಟೆ ದಾಟಿದ ಮೇಲೆ ತಾನಾಗಿಯೇ ನೆನಪಿಟ್ಟು ತಂದುಕೊಟ್ಟ. ತೊಡೆಯ ಮೇಲಿದ್ದ ನನ್ನ ಚೀಲದಲ್ಲಿ ಎರಡು ಸೀಟಿ, ಹಳದಿ ಕೆಂಪು ಕಾರ್ಡುಗಳು, ಒಂದು ಕಪ್ಪು ಅಂಗಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಇದ್ದವು. ನಾನು ಪ್ರೌಢಶಾಲೆಯೊಂದರಲ್ಲಿ ಆಟದ ಟೀಚರು. ರಜೆ ಸಿಕ್ಕಾಗ ಫುಟ್‌ಬಾಲ್ ರೆಫ್ರಿ.

ವಯನಾಡಿನ ಹಳ್ಳಿ ತಂಡಗಳು ಸೇರಿ ಒಂದು ಲೀಗ್ ನಡೆಸುತ್ತವೆ. ಹನ್ನೊಂದಲ್ಲ, ಏಳೇ ಜನರ ಆಟ. ಕೊಯ್ಲಾದ ಗದ್ದೆಯೇ ಮೈದಾನ. ಎಂಟು ತಂಡಗಳಲ್ಲಿ ಕೊನೆಗುಳಿದದ್ದು ಮುಂದಿನ ವರ್ಷ ಕೆಳಗಿನ ಲೀಗಿಗೆ ಇಳಿಯಬೇಕು. ಈ ಸಲ ಆ ಗಂಡಾಂತರ ನೂಲ್ಪುಳದ ತಂಡಕ್ಕೆ. ಕೊನೆಯ ಪಂದ್ಯ ವೆಳ್ಳಮುಂಡದವರ ಮೇಲೆ, ಗೆದ್ದರೆ ಮಾತ್ರ ಉಳಿವು. ಲೀಗಿನ ಮೇಲ್ವಿಚಾರಣೆ ಮಾಡುವ ಜಯಪ್ರಭಕ್ಕ ಹಿಂದೊಮ್ಮೆ ಮೈಸೂರಿನ ಪಂದ್ಯಾವಳಿಯಲ್ಲಿ ಪರಿಚಯವಾಗಿದ್ದರು. ಅವರೇ ಫೋನು ಮಾಡಿ, "ಇಲ್ಲಿ ಯಾರನ್ನ ರೆಫ್ರಿ ಮಾಡಿದ್ರೂ ಒಂದು ಕಡೆಗೆ ನೆಂಟ, ಇನ್ನೊಂದು ಕಡೆಗೆ ಶತ್ರು. ನೀನು ಬಾರಮ್ಮ" ಎಂದಿದ್ದರು.

ಬಂಡೀಪುರದ ಕಾಡು ಒಣಗಿ ಕಂದಾಗಿತ್ತು. ಜಿಂಕೆಗಳು ಬಸ್ಸಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಮುತ್ತಂಗದ ಚೆಕ್‌ಪೋಸ್ಟ್ ದಾಟಿದ ಮೇಲೆ ಮರಗಳು ಹಸಿರಾದವು. ಹಿಂದಿನ ವಾರ ಅಲ್ಲಿ ಒಂದು ಮಳೆ ಬಿದ್ದಿತ್ತಂತೆ. ಕಾಫಿ ಹೂ ಬಿಟ್ಟು ಬಸ್ಸಿನ ಡೀಸೆಲ್ ವಾಸನೆಯನ್ನೂ ಮೀರಿ ಘಮಘಮಿಸುತ್ತಿತ್ತು. ಒಂಬತ್ತೂವರೆಗೆ ಬತ್ತೇರಿಯಲ್ಲಿ ಇಳಿದೆ. ನೂಲ್ಪುಳಕ್ಕೆ ಕರೆದೊಯ್ಯಲು ಜಯಪ್ರಭಕ್ಕ ಜೀಪು ಕಳಿಸಿದ್ದರು.

ಜಯಪ್ರಭಕ್ಕನದು ಜೈನರ ಮನೆ. ಅವರ ಹಿರಿಯರು ಕರ್ನಾಟಕದಿಂದ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಲೆಕ್ಕವಿಲ್ಲ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಎಪ್ಪತ್ತರ ಹತ್ತಿರದ ಹೆಂಗಸು, ಅಂಗಳದಲ್ಲಿ ಒಣಹಾಕಿದ್ದ ಕಾಳುಮೆಣಸನ್ನು ಬರಿಗಾಲಲ್ಲೇ ಹರವುತ್ತ ನನಗೆ ಎಚ್ಚರಿಕೆ ಕೊಟ್ಟರು. "ಪೇಟೆ ಕಡೆ ಹೋದ್ರೆ ಎಲ್ಲಾರೂ ನಿನ್ನ ಅಭಿಪ್ರಾಯ ಕೇಳ್ತಾರೆ. ಬಾಯಿ ಬಿಡಬೇಡ. ನಾಳೆ ಸೀಟಿ ಊದೋಳು ನೀನು."

ಅಭಿಪ್ರಾಯ ಯಾವುದರ ಬಗ್ಗೆ ಎಂಬುದು ಮಧ್ಯಾಹ್ನ ತಿಳಿಯಿತು. ನೂಲ್ಪುಳದ ತಂಡದಲ್ಲಿ ಆಡುವವರೆಂದರೆ ಇಬ್ಬರೇ ಎಂದು ಊರಿಗೆ ಊರೇ ನಂಬಿತ್ತು: ಗೋಲು ಹೊಡೆಯುವ ಬೊಮ್ಮ, ಅವನಿಗೆ ಚೆಂಡು ಒದಗಿಸುವ ಮಾರ. ಬೊಮ್ಮನ ಅಕ್ಕನನ್ನು ಮಾರ ಮದುವೆಯಾಗಿದ್ದ. ಇಬ್ಬರೂ ಕಾಡಂಚಿನ ಒಂದೇ ಹಾಡಿಯವರು, ಅರಣ್ಯದ ದಿನಗೂಲಿಯವರು. ಘಟ್ಟದ ಕೆಳಗಿನ ದೊಡ್ಡ ತಂಡವೊಂದು ತಿಂಗಳ ಹಿಂದೆ ಇಬ್ಬರನ್ನೂ ಕರೆದಿತ್ತು. ಅಂದಿನಿಂದ ಇಬ್ಬರ ಆಟವೂ ಕೆಟ್ಟಿತ್ತು. ಅಭ್ಯಾಸಕ್ಕೆ ತಡವಾಗಿ ಬರುವುದು, ಒಬ್ಬರನ್ನೊಬ್ಬರು ನೋಡದಿರುವುದು, ಸಾಲಾಗಿ ನಾಲ್ಕು ಸೋಲು.

ರಾಘವೇಟ್ಟನ ಚಹಾದಂಗಡಿಯಲ್ಲಿ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಕುಡಿದು ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಈ ವ್ಯಾಜ್ಯವನ್ನು ಪೂರ್ತಿ ಕೇಳಿದೆ. ತಂಡದ ಕೋಚು ಜೋಸ್ ಚೇಟ್ಟನ್ ಶುಂಠಿ ಬೆಳೆಯುವವರು; ಅಲ್ಲಿ ಚೇಟ್ಟನ್, ಏಟ್ಟನ್ ಎಂದರೆ ಅಣ್ಣ. ಎಚ್.ಡಿ. ಕೋಟೆ ಕಡೆ ಹೊಲ ಗುತ್ತಿಗೆ ಹಿಡಿದು ಹತ್ತು ವರ್ಷ ಇದ್ದವರಾದ್ದರಿಂದ ಅವರ ಕನ್ನಡ ನನ್ನದಕ್ಕಿಂತ ಜೋರು.

"ಅವ್ರನ್ನ ಬಿಟ್ಟು ಆಡ್ಸಿ ಅಂತೀಯಲ್ಲ ರಾಘವಾ, ಗೋಲ್ ಯಾರು ಹೊಡೀತಾರೆ? ನಿನ್ನ ಬಜ್ಜಿ ಹೊಡೀತದಾ?"

"ಮನಸ್ಸು ಇಲ್ಲಿಲ್ಲ ಚೇಟ್ಟಾ ಅವರದ್ದು. ಕಾಲು ಮಾತ್ರ ಇಲ್ಲಿ. ಬರೀ ಕಾಲು ಇಟ್ಕೊಂಡು ಎಂದ್ ಮಾಡೋದು?" ಎಂದರು ರಾಘವೇಟ್ಟನ್, ಏನು ಎನ್ನುವಲ್ಲಿ ಮಲಯಾಳದ ಎಂದ್ ಬೆರೆಸಿ. "ಬಿಡುಗಡೆ ಕಾಗದಕ್ಕೆ ಸೈನ್ ಹಾಕಿ ಕಳಿಸಿಬಿಡು. ಸೋಲೋದಾದ್ರೆ ನಮ್ಮ ಹುಡುಗರನ್ನೇ ಇಟ್ಕೊಂಡು ಸೋಲೋಣ."

"ಅವ್ರೂ ನಮ್ಮ ಹುಡುಗ್ರೇ ಅಲ್ವಾ?"

ಬೆಂಚಿನ ಮೇಲಿದ್ದವರೆಲ್ಲ ಎರಡು ಪಕ್ಷವಾದರು. ಜೋಸ್ ಚೇಟ್ಟನ್ ನನ್ನ ಕಡೆ ತಿರುಗಿ, "ಟೀಚರ್ ಏನಂತೀರಿ?" ಎಂದರು. ಬಜ್ಜಿ ಬಹಳ ಚೆನ್ನಾಗಿದೆ ಎಂದೆ. ಎಲ್ಲರೂ ನಕ್ಕರು, ರಾಘವೇಟ್ಟನ್ ಇನ್ನೊಂದು ಬಜ್ಜಿ ತಂದಿಟ್ಟು ಬೇಡವೆಂದರೂ ಕೇಳಲಿಲ್ಲ.

ಸೂರ್ಯ ಮುಳುಗುವ ಮೊದಲೇ ಜಯಪ್ರಭಕ್ಕನ ಮನೆಯಲ್ಲಿ ಊಟವಾಯಿತು: ಗಂಧಕಶಾಲೆ ಎಂಬ ಅಲ್ಲಿನ ಪರಿಮಳದ ಅಕ್ಕಿಯ ಅನ್ನ, ಮಜ್ಜಿಗೆ ಹುಳಿ, ಎಳೆ ಹಲಸಿನ ಪಲ್ಯ. ಕಂಬಳಿ ಹೊದ್ದು ಬೇಗ ಮಲಗಿದೆ.

ಭಾನುವಾರ ಬೆಳಿಗ್ಗೆ ಮೈದಾನ ನೋಡಲು ಒಬ್ಬಳೇ ಹೋದೆ. ಗದ್ದೆಯ ಮೇಲೆ ಮಂಜು ಇನ್ನೂ ಕೂತಿತ್ತು. ಕಾಡುಹಂದಿಗಳು ಬಂದು ಗೋಲಿನ ಎದುರೇ ನೆಲ ಕೆದಕಿದ್ದವು. ತೆಳ್ಳಗಿನ ಯುವಕನೊಬ್ಬ ಗುದ್ದಲಿಯಿಂದ ಆ ಗುಂಡಿಗಳನ್ನು ಮುಚ್ಚಿ ಕಾಲಲ್ಲಿ ತುಳಿದು ಸಮಮಾಡುತ್ತಿದ್ದ. ನನ್ನ ಕನ್ನಡ ಕೇಳಿ ಅವನ ಮುಖ ಅರಳಿತು. "ಕಾಡು ನೋಡಕ್ಕೆ ಬಂದ್ರಾ?" ಎಂದ. ಹ್ಞೂಂ ಎನ್ನುವ ಹಾಗೆ ತಲೆಯಾಡಿಸಿದೆ.

ಅವನೇ ಮಾರ. ಅವರ ಹಾಡಿಯ ಮಾತು ಕನ್ನಡಕ್ಕೆ ಹತ್ತಿರದ್ದು. ಕೆಲಸ ಮಾಡುತ್ತಲೇ ಮಾತಿಗೆ ಇಳಿದ. ಗೊತ್ತಿಲ್ಲದವರ ಹತ್ತಿರ ಹೇಳಿಕೊಳ್ಳುವುದು ಸುಲಭವೆನಿಸಿತೇನೋ.

"ಎಲ್ಲಾರೂ ನಂಗೆ ದೊಡ್ಡ ಟೀಮಿನ ಆಸೆ ಅಂದ್ಕಂಡವ್ರೆ. ಆಸೆ ಬೊಮ್ಮಂಗೆ. ನಂಗೆ ಇಲ್ಲ. ಮಗಳು ಈಗಷ್ಟೇ ಮಾತು ಶುರು ಮಾಡೌಳೆ. ನಾ ಕೆಳಗೆ ಹೋಗಿ ವಾಪಸ್ ಬರೋಷ್ಟ್ರಲ್ಲಿ ಎಲ್ಲಾ ಮಾತೂ ಕಲ್ತುಬುಡ್ತಾಳೆ."

"ಹಾಗಂತ ಬೊಮ್ಮನಿಗೆ ಹೇಳು."

"ಹೇಳಕ್ಕಾಗಲ್ಲ. ಕರೆದಿರೋದು ಇಬ್ರನ್ನೂ ಸೇರ್ಸಿ. ನಾ ಬರಲ್ಲ ಅಂದ್ರೆ ಅವನ್ನೂ ಬ್ಯಾಡ ಅಂದ್ಬುಟ್ರೆ? ಅಕ್ಕನ ಗಂಡನೇ ತಮ್ಮನ ಕಳಿ ಹಾಳು ಮಾಡ್ದ ಅಂತಾಯ್ತದೆ." ಕಳಿ ಎಂದರೆ ಅವರ ಮಾತಿನಲ್ಲಿ ಆಟ.

ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ಸರಿಯಾಗಿ ನೋಡಿದ. ಕೊರಳಲ್ಲಿ ಸೀಟಿ ತೂಗುತ್ತಿತ್ತು. ಅಭ್ಯಾಸಬಲದಿಂದ ಬೆಳಿಗ್ಗೆಯೇ ಹಾಕಿಕೊಂಡಿದ್ದೆ.

"ಅಯ್ಯೋ! ರೆಫ್ರಿ ನೀವೇನಾ?"

ನನಗೆ ನಗು ಬಂತು, ಅವನಿಗೆ ದಿಗಿಲು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಆದರೆ ವಾಪಸ್ಸು ಬರುವಾಗ ಆ ಮಾತು ಕೊಟ್ಟದ್ದಕ್ಕೆ ಪೇಚಾಡಿದೆ. ಒಂದು ವಾಕ್ಯದಲ್ಲಿ ಬಗೆಹರಿಯುವ ಸಂಗತಿಗೆ ಊರೇ ಎರಡಾಗಿತ್ತು, ಗೊತ್ತಿದ್ದೂ ಹೇಳುವಂತಿಲ್ಲದವಳು ನಾನು.

ನಾಲ್ಕು ಗಂಟೆಗೆ ಪಂದ್ಯ. ಗದ್ದೆಯ ಬದುಗಳ ಮೇಲೆ ಜನ ಒತ್ತಾಗಿ ಕೂತಿದ್ದರು. ಜೋಸ್ ಚೇಟ್ಟನ್ ಕೊನೆಗೂ ಇಬ್ಬರನ್ನೂ ಇಳಿಸಿದ್ದರು. ಬೊಮ್ಮನನ್ನು ಆಗಲೇ ನೋಡಿದ್ದು: ಗಿಡ್ಡ, ಗಟ್ಟಿ ತೊಡೆ, ಒಂದು ಕಡೆ ನಿಲ್ಲಲಾರದ ಕಾಲುಗಳು. ಮೊದಲರ್ಧದಲ್ಲಿ ಅವನ ಕಾಲಿಗೆ ಚೆಂಡೇ ಸಿಗಲಿಲ್ಲ. ಮಾರ ತಲೆ ತಗ್ಗಿಸಿ ಆಡಿದ. ವೆಳ್ಳಮುಂಡದವರು ಒಂದು ಗೋಲು ಹೊಡೆದು ಕುಣಿದರು.

ವಿರಾಮದಲ್ಲಿ ಹಲಸಿನ ಮರದ ನೆರಳಿಗೆ ನಿಂಬೆ ನೀರು ಬಂತು. ನಾನು ಮರದ ಇತ್ತ ಬದಿ, ಅವರಿಬ್ಬರು ಅತ್ತ ಬದಿ.

"ಬೇಕಂತ್ಲೇ ಪಾಸ್ ಕೊಡ್ತಿಲ್ಲ ನೀನು," ಬೊಮ್ಮ ಗುಡುಗಿದ. "ಒಂದು ತಿಂಗಳಾಯ್ತು ಭಾವ, ನನ್ನ ಮುಖ ನೋಡಿ ಮಾತಾಡಿಲ್ಲ. ನಾ ಏನ್ ತಪ್ಪು ಮಾಡ್ದೆ? ಹೇಳು, ನಾ ಈಗ್ಲೇ ಮನೆಗೆ ಹೋಯ್ತೀನಿ."

ಮಾರನ ದನಿ ಬಂತು, ಬಹಳ ಸಣ್ಣಗೆ: "ನಂಗೆ ಹೋಗಕ್ಕೆ ಇಷ್ಟ ಇಲ್ಲ ಕಣೋ. ನೀ ಹೋಗ್ಬೇಕು ಅಂತ ಬಾಯಿ ಮುಚ್ಕಂಡಿದ್ದೆ."

"ಅಷ್ಟೇನಾ?"

"ಅಷ್ಟೇ."

"ಥೂ ನಿನ್ನ! ನಿಂಗೆ ನನ್ನ ಮೇಲೆ ಸಿಟ್ಟು ಅಂತ ನಾ ನಿದ್ದೆ ಕೆಟ್ಟಿದೀನಿ!" ಬೊಮ್ಮ ಅವನ ಬೆನ್ನಿಗೆ ಗುದ್ದಿದ ಸದ್ದು ಮರದ ಇತ್ತ ಕಡೆಗೂ ಕೇಳಿಸಿತು. ನಾನು ಸೀಟಿ ಊದಿ ಆಟ ಶುರುಮಾಡಿದೆ. ಎರಡು ನಿಮಿಷ ಮೊದಲೇ ಊದಿದೆನೆಂದು ಜಯಪ್ರಭಕ್ಕ ಆಮೇಲೆ ಆಕ್ಷೇಪಿಸಿದರು. ನಿಜವಿರಬಹುದು.

ಎರಡನೆಯ ಅರ್ಧದ ಆಟವನ್ನು ಮರೆಯಲಾರೆ. ಮಾರ ತಲೆಯೆತ್ತಿ ನೋಡದೆಯೇ ಚೆಂಡು ಕಳಿಸುತ್ತಿದ್ದ, ಬೊಮ್ಮ ಅಲ್ಲಿರುತ್ತಿದ್ದ. ಹತ್ತೇ ನಿಮಿಷದಲ್ಲಿ ಗೋಲು ಬಂತು. ರಾಘವೇಟ್ಟನ್ ಹೆಗಲ ಮೇಲಿನ ತೋರ್ತನ್ನು, ಅಂದರೆ ತೆಳು ಟವೆಲನ್ನು, ಗಾಳಿಯಲ್ಲಿ ತಿರುಗಿಸುತ್ತ ಗದ್ದೆಯೊಳಗೇ ಓಡಿಬಂದರು. ಅವರನ್ನು ಹೊರಗೆ ಕಳಿಸಲು ನನಗೆ ಹಳದಿ ಕಾರ್ಡು ತೋರಿಸಬೇಕಾಯಿತು.

ಸಮ ಸಮ. ಕೊನೆಯ ನಿಮಿಷ. ಬೊಮ್ಮ ಇಬ್ಬರನ್ನು ದಾಟಿ ಗೋಲಿನ ಮುಂದೆ ನುಗ್ಗಿದ, ಒಬ್ಬ ಕಾಲು ಚಾಚಿದ, ಬೊಮ್ಮ ಉರುಳಿದ. ಬದುಗಳ ಮೇಲಿದ್ದವರೆಲ್ಲ ಒಂದೇ ಬಾಯಲ್ಲಿ "ಪೆನಾಲ್ಟಿ!" ಎಂದು ಕೂಗಿದರು. ನಾನು ಸೀಟಿಯನ್ನು ತುಟಿಗಿಟ್ಟು ಓಡಿದೆ. ಅಷ್ಟರಲ್ಲಿ ಬೊಮ್ಮ ಮಣ್ಣು ಕೊಡವಿ ಎದ್ದು ಕೈ ಅಲ್ಲಾಡಿಸಿದ.

"ಇಲ್ಲ ಟೀಚರೇ. ಅವನು ಮುಟ್ಟಿಲ್ಲ. ನಾನೇ ಜಾರ್ದೆ."

ಆಟ ಅಲ್ಲಿಗೇ ಮುಗಿಯಿತು. ಒಂದಕ್ಕೊಂದು ಗೋಲು, ಸಮ. ನೂಲ್ಪುಳ ಕೆಳಗಿಳಿಯಿತು.

ಯಾರೋ ಬೊಮ್ಮನನ್ನು ಬೈದರು, ಇನ್ಯಾರೋ ಬೈದವನನ್ನು ಬೈದರು. ವೆಳ್ಳಮುಂಡದ ಆಟಗಾರರು ಮಾತ್ರ ಒಬ್ಬೊಬ್ಬರಾಗಿ ಬಂದು ಬೊಮ್ಮನ ಕೈ ಕುಲುಕಿದರು. ಜೋಸ್ ಚೇಟ್ಟನ್ ಗದ್ದೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಮಾರ ಹೋಗಿ ತನ್ನ ವಿಷಯ ಹೇಳಿದ್ದು ಆಗಲೇ, ಎಲ್ಲರ ಎದುರು. ಅವರು ಕಣ್ಣರಳಿಸಿ ಕೇಳಿದರು.

"ಇದನ್ನ ಒಂದು ತಿಂಗಳ ಹಿಂದೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ನೀವು ಕೇಳಿಲ್ವಲ್ಲ ಚೇಟ್ಟಾ."

ನಿಜವೇ. ಇಡುವುದೋ ಬಿಡುವುದೋ ಎಂದು ಊರೆಲ್ಲ ಚರ್ಚಿಸಿತ್ತು, ಅವರಿಬ್ಬರನ್ನು ಯಾರೂ ಕೇಳಿರಲಿಲ್ಲ. ಜೋಸ್ ಚೇಟ್ಟನ್ ಅಲ್ಲಿಂದಲೇ ಘಟ್ಟದ ಕೆಳಗಿನ ಆ ದೊಡ್ಡ ತಂಡದವರಿಗೆ ಫೋನು ಹಚ್ಚಿದರು. ಒಬ್ಬನೇ ಬಂದರೂ ಸರಿಯೇ, ಬೇಗ ಬರಲಿ ಎಂದರಂತೆ ಅವರು. ರಾಘವೇಟ್ಟನ ಅಂಗಡಿಯ ಮೇಜಿನ ಮೇಲೆ ಬೊಮ್ಮನ ಬಿಡುಗಡೆ ಕಾಗದಕ್ಕೆ ಸಹಿ ಬಿತ್ತು. ಮಾರನದನ್ನು ಬಜ್ಜಿಯ ಎಣ್ಣೆ ಒರೆಸಲು ಬಳಸಿದರು. ಕತ್ತಲಾಗುವಷ್ಟರಲ್ಲಿ ಸೋತ ತಂಡದ ಊರು ಗೆದ್ದವರ ಹಾಗೆ ಗಲಾಟೆ ಮಾಡುತ್ತಿತ್ತು. "ಕೆಳಗಿನ ಲೀಗಲ್ಲಿ ಎಲ್ಲಾ ಪಕ್ಕದೂರ ತಂಡಗಳೇ," ಜೋಸ್ ಚೇಟ್ಟನ್ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು, "ನಡ್ಕೊಂಡೇ ಹೋಗಿ ಗೆದ್ದು ಬರಬಹುದು!"

ಸೋಮವಾರ ಬೆಳಿಗ್ಗೆ ಬತ್ತೇರಿಯ ನಿಲ್ದಾಣದಲ್ಲಿ ನಾನು ಮೈಸೂರಿನ ಬಸ್ಸು ಹತ್ತಿ ಕೂತಿದ್ದೆ. ಪಕ್ಕದಲ್ಲೇ ಕೋಳಿಕ್ಕೋಡಿನ ಬಸ್ಸು ನಿಂತಿತ್ತು. ಅದರ ಕಿಟಕಿಯಲ್ಲಿ ಬೊಮ್ಮ, ಹೊಸ ಅಂಗಿ, ತೊಡೆಯ ಮೇಲೆ ಅಕ್ಕ ಕಟ್ಟಿಕೊಟ್ಟ ಜೇನಿನ ಬಾಟಲಿ. ಬೀಳ್ಕೊಡಲು ಹಾಡಿಯ ಅರ್ಧ ಜನ ಬಂದಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾರ ನನ್ನ ಕಿಟಕಿಯ ಹತ್ತಿರ ಬಂದ.

"ಟೀಚರೇ, ಒಂದು ಕೇಳ್ಲಾ? ಅವನು ಬಾಯಿ ಬಿಡದೇ ಇದ್ದಿದ್ರೆ, ಪೆನಾಲ್ಟಿ ಕೊಡ್ತಿದ್ರಾ?"

ಹಿಂದಿನ ಸಂಜೆಯಿಂದ ನನ್ನನ್ನು ಕೊರೆಯುತ್ತಿದ್ದುದೂ ಅದೇ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಕೊಡ್ತಿದ್ದೆ ಮಾರ. ನನ್ನ ಕಣ್ಣಿಗೆ ಅದು ಪೆನಾಲ್ಟಿಯಾಗೇ ಕಂಡಿತ್ತು."

ಅವನು ತಿರುಗಿ, ಎರಡು ಬಸ್ಸುಗಳ ಎಂಜಿನ್ ಸದ್ದನ್ನೂ ಮೀರಿಸಿ ಕೂಗಿದ.

"ಲೋ ಬೊಮ್ಮಾ! ಕೊಡ್ತಿದ್ರಂತೆ ಕಣೋ!"

ಬೊಮ್ಮ ಹಣೆ ಚಚ್ಚಿಕೊಂಡ. ಹಾಡಿಯ ಜನ ಬಿದ್ದು ಬಿದ್ದು ನಕ್ಕರು. ಏನೂ ತಿಳಿಯದ ಆ ಮಗುವೂ ಅಪ್ಪನ ಕೂದಲು ಹಿಡಿದುಕೊಂಡು ನಕ್ಕಿತು. ಎರಡು ಬಸ್ಸುಗಳೂ ಹೊರಟವು. ಅವನದು ಘಟ್ಟದ ಕಡೆಗೆ, ನನ್ನದು ಕಾಡಿನ ಕಡೆಗೆ.