ಮೂಲೆ ಮುಚ್ಚಿದ ಮೇಜು

“ಕೇರಂ ಆಡಿದ ಕೈಗೆ ಈ ಬಿಲಿಯರ್ಡ್ಸ್ ಒಗ್ಗಂಗಿಲ್ಲ, ಬಿಡು” ಅಂದವನು ನನ್ನ ಕಾಕಾ. ನಮ್ಮ ಮನೆಯಲ್ಲಿ ಮೊದಲು ಬಿ.ಎ. ಮುಗಿಸಿದವನು ನಾನು. ಕೆಲಸ ಸಿಗದೆ ಚಡಪಡಿಸುತ್ತ ಹಾನಗಲ್ಲಿನ ಬಡಿಗೇರ ಮರಗೆಲಸದ ಅಂಗಡಿಗೆ ಹೋಗುತ್ತಿದ್ದೆ. ಅವರು ಯಾವುದೋ ಕ್ಲಬ್ಬು ಮಾರಿದ ಬಿಲಿಯರ್ಡ್ಸ್ ಮೇಜು ತಂದು, ಆರೂ ತೂತಿಗೆ ಸಾಗವಾನಿ ತುಂಡು ಬಡಿದು ಮುಚ್ಚಿದ್ದರು. ಅದರ ಮೇಲೆ ಅವರು ಆಡಿಸುತ್ತಿದ್ದ ಆಟದಲ್ಲಿ, ಕೋಲಿನಿಂದ ಹೊಡೆದ ನಮ್ಮ ಚೆಂಡು ಉಳಿದೆರಡು ಚೆಂಡನ್ನೂ ಮುಟ್ಟಬೇಕು. ಎರಡನೆಯದನ್ನು ಮುಟ್ಟುವ ಮೊದಲು ಮೂರು ಸಲ ಅಂಚಿಗೆ ಬಡಿದಿರಬೇಕು; ಆಗ ಒಂದು ಅಂಕ. ಅಂಚಿಗೆ ಅವರು ಗ್ವಾಡಿ ಅನ್ನುತ್ತಿದ್ದರು.

ಕೇರಂ ರೂಢಿಯಿಂದ ನಾನು ಮೂಲೆಗೇ ಹೊಡೆಯುತ್ತಿದ್ದೆ. ಒಂದು ಕಡೆ ನಿಲ್ಲದ ಬಡಿಗೇರು ಮೇಜು ಸುತ್ತುತ್ತ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಂಚಿಗೆ ಕುಟ್ಟುತ್ತಿದ್ದರು: “ಮೂಲಿ ಮುಚ್ಚೇನಿ, ತಮ್ಮಾ. ಗ್ವಾಡಿ ನೋಡು.”

ಆ ಮೇಜಿನ ಮೇಲೆ ಆಡುವವರು ಕಟ್ಟಿಕೊಂಡಿದ್ದ ಸಂಘದ ಸ್ಪರ್ಧೆಯಲ್ಲಿ ಗೆಲ್ಲಲು ನನಗೆ ಒಂದೇ ಅಂಕ ಬೇಕಿತ್ತು. ಹೊಡೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ತೀರ್ಪು ಹೇಳುತ್ತಿದ್ದ ಬಡಿಗೇರು ತಲೆ ಅಲ್ಲಾಡಿಸಿದರು: “ಎರಡ ಗ್ವಾಡಿ.” ಸಿಟ್ಟಿನಿಂದ ಪಕ್ಕಕ್ಕೆ ಸರಿದೆ. ಎದುರಾಳಿಯ ಹೊಡೆತ ತಪ್ಪಿತು. ಮತ್ತೆ ಹೊಡೆದೆ. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, “ಮೂರು” ಅಂದರು.

ಗೆದ್ದದ್ದಕ್ಕೆ ಬಡಿಗೇರು ಕೊಟ್ಟ ಸರ್ಟಿಫಿಕೇಟನ್ನು ಕಾಕಾನ ಕೈಗಿಟ್ಟೆ. ತಿರುವಿ ನೋಡಿದ.

“ಖರೇನ ಮೂರೂ ಗ್ವಾಡಿ ಮುಟ್ಟಿತ್ತೇನು?”

“ಬಡಿಗೇರು ಹೇಳ್ಯಾರ.”

“ಅವ್ರು ಹೇಳಿದ್ರ ಮುಟ್ಟಿರತೈತಿ, ಬಿಡು.”