ಹನ್ನೊಂದು ಗಂಟೆಗೆ ಆರುತ್ತಿದ್ದ ಕ್ಯಾಮೆರಾ

ಇಪ್ಪತ್ತೆರಡು ವರ್ಷ ಟಿವಿ ರಿಪೇರಿ ಮಾಡಿ, ಕೆಟ್ಟ ಟಿವಿಯನ್ನು ಎಸೆದು ಜನ ಹೊಸದನ್ನೇ ತರತೊಡಗಿದ ಮೇಲೆ ಕ್ಯಾಮೆರಾ ಕೂರಿಸುವ ಕೆಲಸಕ್ಕೆ ಇಳಿದವನು ಆತ. ಒಂದೇ ದೋಷಕ್ಕೆ ಯಾರೂ ತನ್ನನ್ನು ಎರಡು ಸಲ ಕರೆಸಿದವರಿಲ್ಲ ಎಂಬ ಜಂಬ ಮಾತ್ರ ಹಾಗೇ ಉಳಿದಿತ್ತು. ಒಂದೇ ಮನೆಯಿಂದ ಮೂರನೇ ಸಲ ಫೋನ್ ಬಂದಾಗ ಮುಖಕ್ಕೆ ಹೊಡೆದಂತಾಯಿತು.

ಫೋನ್ ಮಾಡುತ್ತಿದ್ದವನು ಆ ಮನೆಯಲ್ಲಿ ಇರುವವನಲ್ಲ. ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದ್ದ ಹಿರಿಮಗ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದವಳು ಮದುವೆಯಾಗದ ತಂಗಿ. ತಾಯಿಯ ಕೋಣೆಗೆ ಕ್ಯಾಮೆರಾ ಹಾಕಿಸಿ, ಆಫೀಸಿನಲ್ಲಿ ಕೂತು ಮೊಬೈಲಿನಲ್ಲೇ ಅದರ ಕತ್ತು ತಿರುಗಿಸಿ ನೋಡುವುದು ಅವನ ರೂಢಿ. ಅದು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಆರಿಹೋಗುತ್ತಿತ್ತು, ಒಂದು ಗಂಟೆ ಬಿಟ್ಟು ತಾನಾಗಿ ಬರುತ್ತಿತ್ತು. ರಿಪೇರಿಯವ ಮೊದಲ ಸಲ ವೈರು ಬದಲಿಸಿದ. ಎರಡನೇ ಸಲ ವೈಫೈ ಡಬ್ಬಿಯನ್ನು ಹತ್ತಿರಕ್ಕೆ ಸರಿಸಿ, ಪಾಸ್‌ವರ್ಡ್ ಅಳಿಸಿ ಹೊಸದಾಗಿ ಜೋಡಿಸಿದ. ಈ ಸಲ ಯಾರಿಗೂ ಹೇಳದೆ ಹನ್ನೊಂದಕ್ಕೇ ಹೋದ.

ಕೋಣೆಯ ಬಾಗಿಲು ಮುಚ್ಚಿತ್ತು. ತೆರೆದಾಗ ತಂಗಿ ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಬಂದಳು. ಹಿಂದೆ ಗೋಡೆಯಲ್ಲಿ ಕ್ಯಾಮೆರಾದ ಪ್ಲಗ್ಗು ಜೋತಾಡುತ್ತಿತ್ತು. ಅವಳು ಏನನ್ನೂ ಮುಚ್ಚಿಡಲಿಲ್ಲ.

"ಅಮ್ಮನ ಮೈ ಒರೆಸೋವಾಗ ನಾನೇ ಕೀಳ್ತೀನಿ. ಮಗ ನೋಡ್ತಿರ್ತಾನೆ, ಬಟ್ಟೆ ಬಿಚ್ಚಬೇಡ ಅಂತ ಅಮ್ಮ ಅಳ್ತಾಳೆ. ವೈಫೈದೇ ತೊಂದರೆ ಅಂತ ಹೇಳಿಬಿಡಿ ಅಣ್ಣಾ."

ಆಗಲಿ ಎಂದು ತಲೆಯಾಡಿಸಿ ಹೊರಟ. ಗೇಟಿನ ಬಳಿ ಬರುವಷ್ಟರಲ್ಲಿ ಹಿರಿಮಗನ ಫೋನ್. ಕೆಲಸ ಬರದವರನ್ನು ನಂಬಿ ಕೆಟ್ಟೆ, ಬೇರೆಯವರಿಗೆ ಹೇಳಿದ್ದೇನೆ ಎಂದು ಬಾಯಿಗೆ ಬಂದಂತೆ ಅಂದ. ರಿಪೇರಿಯವನಿಗೆ ತಡೆಯಲಾಗಲಿಲ್ಲ.

"ನನ್ನ ಕೆಲಸದಲ್ಲಿ ತಪ್ಪಿಲ್ಲ ಸಾರ್. ನಿಮ್ಮ ತಂಗಿ ಪ್ಲಗ್ಗು ಕೀಳ್ತಾರೆ."

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಕಾರಣವನ್ನೂ ಬಿಡಿಸಿ ಹೇಳಿದ. ದಿನಾ ಆ ಒಂದು ಗಂಟೆ ಕ್ಯಾಮೆರಾ ತಾನಾಗಿ ಕಣ್ಣು ಮುಚ್ಚುವಂತೆ ಸೆಟ್ಟಿಂಗ್ ಇದೆ, ಮೊಬೈಲಿನಲ್ಲೇ ಮಾಡಿಕೊಡುತ್ತೇನೆ ಎಂದು ಅಂಗಲಾಚಿದ. ಹಿರಿಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿ ಮರೆಯಲ್ಲಿ ಏನು ಮಾಡುತ್ತಾಳೋ, ಆ ಗಂಟೆಯನ್ನೇ ತಾನು ನೋಡಬೇಕಾದದ್ದು, ಪ್ಲಗ್ಗಿಗೆ ಬೀಗದ ಪೆಟ್ಟಿಗೆ ಕೂರಿಸಿ ಎಂದ. ಒಲ್ಲೆ ಎನ್ನಬಹುದಿತ್ತು. ತಾನಲ್ಲದಿದ್ದರೆ ಇನ್ನೊಬ್ಬ ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ಮರುದಿನ ಪೆಟ್ಟಿಗೆ ತಂದ.

ಕೊನೆಯ ಸ್ಕ್ರೂ ಬಿಗಿಯುವಾಗ ಕ್ಯಾಮೆರಾ ಕತ್ತು ಹೊರಳಿಸಿತು. "ಹಾಂ, ಈಗ ಕಾಣ್ತಿದೆ" ಎಂದಿತು ಅದರೊಳಗಿಂದ ಹಿರಿಮಗನ ದನಿ. ಮುದುಕಿಯ ಮುಖ ಅರಳಿತು. ಬಾಗಿಲ ಕಡೆ ನೋಡುತ್ತಾ, "ಬಂದ್ಯಾ ಮಗಾ?" ಎಂದಳು. ಕ್ಯಾಮೆರಾ ಅವಳತ್ತ ಹೊರಳಿತು. ದನಿ ಎಲ್ಲಿಂದ ಬಂತೆಂದು ತಿಳಿದಾಗ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ತಂಗಿ ಬಾಗಿಲಲ್ಲಿ ನಿಂತು ರಿಪೇರಿಯವನನ್ನೇ ನೋಡುತ್ತಿದ್ದಳು.

ಮೂರು ತಿಂಗಳಾದ ಮೇಲೆ ಕ್ಯಾಮೆರಾ ಬಿಚ್ಚಿಕೊಡಲು ಕರೆ ಬಂತು. ಮಂಚ ಬರಿದಾಗಿತ್ತು. ಪೆಟ್ಟಿಗೆ ಕೂರಿಸಿದ ಮೇಲೆ ಒಂದು ದಿನವೂ ತಾಯಿ ಮೈಮೇಲಿನ ಹೊದಿಕೆ ತೆಗೆಯಲು ಬಿಟ್ಟಿರಲಿಲ್ಲವಂತೆ; ತಂಗಿ ಒಳಗೇ ಕೈ ಹಾಕಿ ತಡವರಿಸಿ ಒರೆಸುತ್ತಿದ್ದಳಂತೆ. ಬೆನ್ನಿನ ಹುಣ್ಣು ಕಣ್ಣಿಗೆ ಬೀಳುವಷ್ಟರಲ್ಲಿ ಕೀವಾಗಿ ಮೈಯೆಲ್ಲ ವಿಷವೇರಿತ್ತು.

"ದಿನಾ ಪಕ್ಕದಲ್ಲೇ ಇದ್ದು ನಿನಗೆ ಕಾಣಲಿಲ್ವಾ ಅಂತ ಅಣ್ಣ ಎಲ್ಲರ ಮುಂದೆ ಕೇಳಿದ," ಎಂದಳು ತಂಗಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಕ್ಕಾ, ಅವತ್ತು ನಾನು..." ಎಂದು ರಿಪೇರಿಯವ ಬಾಯಿ ತೆರೆದ.

"ಪೆಟ್ಟಿಗೇನೂ ಬಿಚ್ಚಿ. ಗೋಡೆ ತೂತು ಹಾಗೇ ಇರಲಿ," ಎಂದಳು.

ಬಿಚ್ಚಿದ. ಅವನು ಮೆಟ್ಟಿಲಿಳಿಯುವ ಮೊದಲೇ ಹಿಂದೆ ಚಿಲಕ ಬಿತ್ತು.