ಗಾಳಿಯಿಂದ ಹುಟ್ಟಿದ ಇಂಗ್ಲಿಷ್ ಮಾತು

ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಕುಣಿಗಲ್ಲಿನ ತವರುಮನೆಗೆ ಆ ಫಲಿತಾಂಶ ತಲುಪುವ ಹೊತ್ತಿಗೆ ನನ್ನ ಮದುವೆಯ ಚಪ್ಪರ ಎದ್ದಿತ್ತು. ಗುಬ್ಬಿಗೆ ಸೊಸೆಯಾಗಿ ಬಂದು ತಿಂಗಳಾದ ಮೇಲೆ ಧೈರ್ಯ ಮಾಡಿ ಅತ್ತೆಯವರನ್ನು ಕೇಳಿದೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕಟ್ಟಲೇ ಎಂದು.

"ಒಂದೇ ಸಲ ಕಣೇ" ಅಂದರು. "ಪಾಸಾದ್ರೆ ಸಂತೋಷ. ಇಲ್ಲಾಂದ್ರೆ ಪುಸ್ತಕ ಗಂಟು ಕಟ್ಟಿ ಅಟ್ಟಕ್ಕೆ. ಆಮೇಲೆ ಈ ಮನೇಲಿ ಆ ಮಾತೇ ಎತ್ತಬಾರ್ದು."

ಆಗುವುದಿಲ್ಲ ಎಂದಿದ್ದರೆ ನಾನೇನೂ ಮಾಡುವ ಹಾಗಿರಲಿಲ್ಲ. ಅನ್ನಲಿಲ್ಲವಲ್ಲ, ಅದು ದೇವರು ನಡೆಸಿಕೊಟ್ಟ ಮೊದಲ ಉಪಕಾರ. ಎರಡನೆಯದು, ನಮ್ಮ ಎದುರುಮನೆಯಲ್ಲೇ ನಿವೃತ್ತ ಮೇಷ್ಟ್ರೊಬ್ಬರು ಇದ್ದದ್ದು. ಬೆನ್ನು ಕಿತ್ತುಹೋದ ದಪ್ಪ ಡಿಕ್ಷನರಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಂಜೆ ಜಗಲಿಯ ಮೇಲೆ ಅವರು ನನಗೆ ಪಾಠ ಹೇಳುತ್ತಿದ್ದರು.

ಒಂದು ಸಂಜೆ ಪಾಠದಲ್ಲಿ 'ವಿನ್ನೋ' ಎಂಬ ಕ್ರಿಯಾಪದ ಬಂತು. ಧಾನ್ಯದಿಂದ ಹೊಟ್ಟನ್ನು ಬೇರೆ ಮಾಡುವುದು ಎಂದು ಅರ್ಥ ಹೇಳಿ ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. "ನೋಡಮ್ಮಾ, ಇದು ಬಹಳ ಹಳೇ ಮಾತು. ಗಾಳಿಗೆ ಅವರಲ್ಲಿ ವಿಂಡ್ ಅಂತಾರಲ್ಲ, ಅದರಿಂದ ಹುಟ್ಟಿದ್ದು. ಸಾವಿರ ವರ್ಷದ ಹಿಂದೆ ಅವರ ರೈತರೂ ನಮ್ಮ ಹಾಗೇ ಗಾಳಿಗೆ ಕಾಯ್ತಾ ನಿಂತಿದ್ರು" ಎಂದರು. ಸಾಕ್ಷಿ ಹೇಳಿದ್ದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವುದಕ್ಕೂ ಆಮೇಲೆ ಅದೇ ಮಾತು ಬಂತಂತೆ. ಹಕ್ಕಿ ರೆಕ್ಕೆ ಬಡಿದು ಗಾಳಿ ಎಬ್ಬಿಸುವುದಕ್ಕೂ ಹಿಂದಿನ ಕವಿಗಳು ಅದನ್ನೇ ಬಳಸಿದ್ದಾರಂತೆ.

ನನಗೆ ಒಂದು ಥರ ನೆಮ್ಮದಿಯಾಯಿತು. ಇಂಗ್ಲಿಷ್ ಎಂದರೆ ಕುರ್ಚಿಯ ಮೇಲೆ ಕೂತವರ ಭಾಷೆ ಎಂದು ನಾನು ತಿಳಿದಿದ್ದೆ. ಆ ಭಾಷೆಯ ಮೈಮೇಲೂ ಒಂದು ಕಾಲಕ್ಕೆ ಕಣದ ಧೂಳು ಬಿದ್ದಿತ್ತು ಎಂದು ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಯಿತು.

ನವರಾತ್ರಿ ಬಂತು. ಸರಸ್ವತಿ ಪೂಜೆಯ ಬೆಳಿಗ್ಗೆ ಅತ್ತೆ ಮಣೆ ಹಾಕಿ "ಪುಸ್ತಕ ತಂದಿಡು" ಎಂದರು. ಪರೀಕ್ಷೆಗೆ ಕೂರುವವಳು ನಾನು, ತಾಯಿಯ ಮುಂದೆ ಕಡಿಮೆ ಇಡಲಾದೀತೆ? ಪಠ್ಯಪುಸ್ತಕ, ಗೈಡು, ನಾನು ಅರ್ಥ ಬರೆದುಕೊಂಡ ನೋಟ್ಸು, ಮೇಷ್ಟ್ರಿಂದ ಕೇಳಿ ತಂದಿದ್ದ ಡಿಕ್ಷನರಿ, ಪೆನ್ನು, ಎಲ್ಲವನ್ನೂ ತಂದು ಜೋಡಿಸಿದೆ. ಅರಿಸಿನ ಕುಂಕುಮ ಏರಿಸಿ ಮಂಗಳಾರತಿ ಎತ್ತಿದ ಮೇಲೆ ನೆನಪಾಯಿತು: ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ, ಏನನ್ನೂ ಓದುವ ಹಾಗಿಲ್ಲ. ದಶಮಿಯ ಮಾರನೆಯ ದಿನವೇ ತುಮಕೂರಿನಲ್ಲಿ ಪರೀಕ್ಷೆ.

ಸಿಕ್ಕಿದ್ದು ಒಂದೇ ಸಲ, ಅದರಲ್ಲೂ ಮೂರು ದಿನವನ್ನು ನನ್ನ ಭಕ್ತಿಯೇ ನುಂಗಿತ್ತು. ಯಜಮಾನರು "ಒಂದ್ ಪುಸ್ತಕ ಎಳ್ಕೋ, ಸರಸ್ವತಿ ತಾಯಿ ಏನೂ ಅಂದ್ಕೊಳಲ್ಲ" ಎಂದರು. ನನಗೆ ಮನಸ್ಸು ಬರಲಿಲ್ಲ. ಇಟ್ಟವಳು ನಾನೇ ತಾನೆ?

ಅಡುಗೆಮನೆ ಹಿಂದಿನ ಪಡಸಾಲೆಯಲ್ಲಿ ಅತ್ತೆ ಹುರುಳಿ ಕೇರಲು ಕೂತಿದ್ದರು. ನನ್ನ ಮುಖ ನೋಡಿ ಇನ್ನೊಂದು ಮೊರ ಮುಂದೆ ತಳ್ಳಿದರು.

"ಪುಸ್ತಕ ಮುಟ್ಬಾರ್ದು, ಸರಿ. ಬಾಯಿಗೇನ್ ಬಂದೈತೆ? ಆ ಮೇಷ್ಟ್ರು ಹೇಳ್ಕೊಟ್ಟಿದ್ನ ಒಂದೊಂದೇ ಹೇಳು. ನಾನ್ ಕೇಳ್ತೀನಿ."

"ನಿಮಗೆ ಇಂಗ್ಲಿಷ್ ಬರಲ್ವಲ್ಲ ಅತ್ತೆಮ್ಮ."

"ನಿಂಗೂ ಬರಲ್ವಲ್ಲ, ಅದ್ಕೇ ತಾನೇ ಫೇಲಾಗಿದ್ದು? ಹೇಳು ಹೇಳು."

ಮೊರ ಕೈಯಲ್ಲಿತ್ತು, ಆ ಗಾಳಿಯ ಮಾತನ್ನೇ ಮೊದಲು ಹೇಳಿದೆ. ಅವರು ಕೇರುತ್ತಲೇ ಕೇಳಿಸಿಕೊಂಡರು.

"ಅವರ್ಗೂ ರಾಗಿ ಇತ್ತಾ?"

"ಗೋಧಿ ಅತ್ತೆಮ್ಮ."

"ಯಾವ್ದಾದ್ರೇನು, ಹೊಟ್ಟು ಹೊಟ್ಟೇ ಅಲ್ವಾ. ಗಾಳಿ ಬೀಸ್ದೇ ಇದ್ರೆ ಏನ್ ಮಾಡ್ತಿದ್ರಂತೆ?"

"ಅದನ್ನ ಮೇಷ್ಟ್ರು ಹೇಳ್ಲಿಲ್ಲ."

"ಹಂಗಾದ್ರೆ ನಿಮ್ ಮೇಷ್ಟ್ರು ಕಣ ಕಂಡಿಲ್ಲ ಬುಡು. ಗಾಳಿ ಇದ್ರೆ ತೂರೋದು, ಇಲ್ದಿದ್ರೆ ಹಿಂಗೆ ಮೊರದಾಗೆ ನಾವೇ ಗಾಳಿ ಮಾಡ್ಕೊಂಡು ಕೇರೋದು. ಮುಂದಕ್ ಹೇಳು."

ಪದ್ಯ ಹೇಳಿದೆ, ಕಥೆ ಹೇಳಿದೆ. ಕೊನೆಗೆ ಗೈಡಿನಲ್ಲಿ ಬಾಯಿಪಾಠ ಮಾಡಿದ್ದ ರೈಲು ಪ್ರಯಾಣದ ಪ್ರಬಂಧವನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅತ್ತೆಯ ಮೊರ ನಿಂತಿತು.

"ಇದ್ಯಾಕೆ ಹಿಂಗ್ ಓಡ್ತೀಯ? ಗಾಳಿ ಮಾತ್ ಹೇಳೋವಾಗ ನಿಧಾನಕ್ಕೆ ಹೇಳ್ದೆ. ಇದು ನಿಂಗೆ ಗೊತ್ತಿಲ್ಲ ಕಣೇ, ಜೊಳ್ಳು."

ನಿಜವಾಗಿತ್ತು. ಆ ಪ್ರಬಂಧದಲ್ಲಿ ನನಗೆ ಅರ್ಥವೇ ಗೊತ್ತಿರದ ಪದಗಳು ಒಂದು ಹಿಡಿ ಇದ್ದವು. ಅಲ್ಲಿಂದ ಎರಡು ದಿನ ನಾವು ಮಾಡಿದ್ದು ಇದೇ ಕೆಲಸ: ನಾನು ಹೇಳುವುದು, ನನ್ನ ದನಿ ಎಲ್ಲಿ ಓಡಿತು ಎಂದು ಅವರು ತೋರಿಸುವುದು. ಆಯುಧಪೂಜೆಯ ದಿನ ಮೊರವನ್ನೂ ತೊಳೆದು, ಕುಂಕುಮ ಇಟ್ಟು, ನನ್ನ ಪುಸ್ತಕಗಳ ಪಕ್ಕದಲ್ಲೇ ನಿಲ್ಲಿಸಿದರು. ಅವತ್ತು ಇಬ್ಬರೂ ಬರಿಗೈಯಲ್ಲಿ ಕೂತು ಪಾಠ ಮಾಡಿದೆವು. ದಶಮಿಯ ಬೆಳಿಗ್ಗೆ ಪುಸ್ತಕ ತೆಗೆದಾಗ ಎಲ್ಲವನ್ನೂ ಓದಬೇಕಾಗಿರಲಿಲ್ಲ. ಓಡಿದ ಕಡೆಗಳನ್ನಷ್ಟೇ ನೋಡಿಕೊಂಡೆ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಳೆ ಬರಲಿಲ್ಲ, ಪೆನ್ನು ಇಂಕು ಕಕ್ಕಲಿಲ್ಲ. ಇವೆಲ್ಲವನ್ನೂ ನಾನು ಉಪಕಾರ ಎಂದೇ ಎಣಿಸುವವಳು. ಪ್ರಶ್ನೆಪತ್ರಿಕೆ ಬಿಚ್ಚಿದರೆ ಪ್ರಬಂಧಕ್ಕೆ ಎರಡು ವಿಷಯ: ರೈಲು ಪ್ರಯಾಣ, ಇಲ್ಲವೇ ಮನೆಯ ಒಂದು ಕೆಲಸ. ಮುಂದಿನ ಬೆಂಚಿನವಳು ಆಗಲೇ ರೈಲು ಹತ್ತಿದ್ದಳು. ನನ್ನ ಕೈಯೂ ಅತ್ತಲೇ ಹೋಯಿತು, ಬಾಯಿಪಾಠ ಇತ್ತಲ್ಲ. ಆದರೆ ಅತ್ತೆಯ ಮೊರ ನಿಂತಿದ್ದು ಕಿವಿಯಲ್ಲಿ ಇನ್ನೂ ಇತ್ತು. ರೈಲನ್ನು ಬಿಟ್ಟೆ. ಹುರುಳಿ ಕೇರುವುದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಬರೆದೆ. ಹಳೆಯ ಆ ಒಂದು ಮಾತನ್ನು ಎರಡು ಕಡೆ ಹಾಕಿದೆ, ಅದು ಗಾಳಿಯಿಂದ ಹುಟ್ಟಿತೆಂದೂ ಬರೆದೆ.

ಮೂವತ್ತೈದು ಬೇಕಿತ್ತು, ನಲವತ್ತೊಂದು ಬಂತು. ಯಜಮಾನರು ತುಮಕೂರಿನಿಂದ ಸುದ್ದಿ ತಂದಾಗ ಅತ್ತೆ ಒಲೆಯ ಮುಂದಿದ್ದರು. "ಆಯ್ತಾ? ಸದ್ಯ" ಎಂದು ದೇವರಿಗೆ ತುಪ್ಪದ ದೀಪ ಹಚ್ಚಿ, ಮುದ್ದೆ ತಿರುವಲು ಹೋದರು.

ಮುಂದಿನ ವರ್ಷ ಸರಸ್ವತಿ ಪೂಜೆಯ ಬೆಳಿಗ್ಗೆ ಅದೇ ಮಣೆ ಹಾಕಿದರು. ನಾನು ಪುಸ್ತಕಗಳನ್ನು ಎತ್ತಿಕೊಂಡು ಬಂದೆ. ಅತ್ತೆ ಎಣಿಸುವವರ ಹಾಗೆ ನೋಡಿ, ಮೇಲಿನದೊಂದನ್ನು ತೆಗೆದು ನನ್ನ ಕೈಗೇ ಕೊಟ್ಟರು.

"ಇದೊಂದ್ ಆಚೆಗಿರ್ಲಿ."

"ಈ ಸಲ ನನಗೆ ಪರೀಕ್ಷೆ ಇಲ್ವಲ್ಲ ಅತ್ತೆಮ್ಮ."

"ಇರ್ಲಿ ಮಡಿಕ್ಕೋ ಕಣೇ" ಎಂದು ಅವರು ಅರಿಸಿನ ಕಲಸಲು ಕೂತರು.